ಡೈನರ್ ಥರದ ಭರ್ತಿ ತಿಂಡಿ ಮನೆಯಲ್ಲಿ: ಹ್ಯಾಶ್‌ಬ್ರೌನ್ ಅಂಟು, ಪ್ಯಾನ್‌ಕೇಕ್ ರಬ್ಬರು, ಎಲ್ಲಿ ತಪ್ಪುತ್ತಿದೆ?

ಮುಂಜಾವು
ಶನಿವಾರ, ಬೆಳಿಗ್ಗೆ 9:10

ಅಮೆರಿಕದ ಡೈನರ್‌ಗಳಲ್ಲಿ (ಅಲ್ಲಿನ ಸಾದಾ ಹೋಟೆಲು) ಬೆಳಗಿನ ತಿಂಡಿ ಅಂದರೆ ತಟ್ಟೆ ತುಂಬ ಬರುತ್ತಲ್ಲ, ಎರಡು ಮೊಟ್ಟೆ, ಹೊರಗೆ ಗರಿಗರಿ ಒಳಗೆ ಮೆತ್ತಗಿನ ಹ್ಯಾಶ್‌ಬ್ರೌನ್ (ಆಲೂಗಡ್ಡೆ ತುರಿ ಹುರಿದದ್ದು), ಎರಡು ಮೂರು ಪ್ಯಾನ್‌ಕೇಕ್, ಟೋಸ್ಟ್, ಜೊತೆಗೆ ಕಾಫಿ, ಅದನ್ನು ಮನೆಯಲ್ಲಿ ನಾಲ್ಕು ಜನಕ್ಕೆ ಮಾಡಬೇಕು. ಆಲೂಗಡ್ಡೆ, ಮೊಟ್ಟೆ, ಮೈದಾ, ಬೆಣ್ಣೆ. ಗುಟ್ಟಿನ ಸಾಮಾನು ಯಾವುದೂ ಇದ್ದಂತಿಲ್ಲ. ಆದರೂ ಅಲ್ಲಿಯದೇ ಬೇರೆ, ಮನೆಯದೇ ಬೇರೆ.

ಕೈಕೊಡುತ್ತಿರುವುದು ಇಷ್ಟು. ಹ್ಯಾಶ್‌ಬ್ರೌನ್ ಹೊರಗೆ ಸೀಯುವ ಹೊತ್ತಿಗೂ ಒಳಗೆ ಬೂದು ಬಣ್ಣದ ಅಂಟು ಮುದ್ದೆ. ಮಗುಚಲು ಹೋದರೆ ಅರ್ಧ ಪ್ಯಾನಿನಲ್ಲೇ ಉಳಿಯುತ್ತೆ. ಪ್ಯಾನ್‌ಕೇಕ್ ಉಬ್ಬುವುದಿಲ್ಲ, ಜಗಿದರೆ ರಬ್ಬರು. ಮೊಟ್ಟೆಯ ಅಂಚು ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ, ಹಳದಿಯ ಸುತ್ತ ಮಾತ್ರ ಹಸಿ ಲೋಳೆ. ಎಲ್ಲಕ್ಕಿಂತ ಕಿರಿಕಿರಿ ಏನೆಂದರೆ ಕೊನೆಯದು ಒಲೆಯಿಂದ ಇಳಿಯುವಾಗ ಮೊದಲು ಮಾಡಿದ್ದು ತಣ್ಣಗಾಗಿರುತ್ತೆ.

ಸಲಕರಣೆ: ಎರಡು ಬರ್ನರ್, 25 ಸೆಂ.ಮೀ. ಎರಕದ ಕಬ್ಬಿಣದ ಪ್ಯಾನ್ ಒಂದು, ನಾನ್‌ಸ್ಟಿಕ್ ಒಂದು, ಸಣ್ಣ ಅವನ್ ಒಂದು. ಮಾಂಸ ಬೇಡ. ಇನ್ನೊಂದು ವಿಷಯ: ಡೈನರ್‌ನಲ್ಲಿ ಕೂತಾಗ ಮೊಟ್ಟೆ ಹೇಗೆ ಬೇಕು ಅಂತ ಕೇಳುತ್ತಾರೆ, ಅದಕ್ಕೆ ಅವರ ಭಾಷೆಯಲ್ಲಿ ಏನೇನು ಉತ್ತರ ಇದೆ?


ಕಬ್ಬಿಣದ ಕಾವಲಿ
ಶನಿವಾರ, ಬೆಳಿಗ್ಗೆ 9:48

ಗುಟ್ಟು ಸಾಮಾನಿನಲ್ಲಿ ಇಲ್ಲ, ನಿಜ. ಅದು ಇರುವುದು ಅವರ ಒಲೆಯಲ್ಲಿ. ಡೈನರ್ ಅಡುಗೆಯವನ ಮುಂದೆ ಇರುವುದು ಮುಕ್ಕಾಲು ಇಂಚಿನಿಂದ ಒಂದು ಇಂಚು ದಪ್ಪದ, ಸಪಾಟಾದ ಉಕ್ಕಿನ ಹಲಗೆ. ಆ ದಪ್ಪದ ಲೋಹ ಕಾವನ್ನು ಹಿಡಿದಿಟ್ಟುಕೊಳ್ಳುತ್ತೆ. ಅದರ ಮೇಲೆ ತಣ್ಣನೆಯ ಆಲೂಗಡ್ಡೆ ತುರಿ ಸುರಿದರೂ ಶಾಖ ಅಷ್ಟೇನೂ ಇಳಿಯುವುದಿಲ್ಲ. ತೆಳು ಪ್ಯಾನಿನಲ್ಲಿ ಅದೇ ತುರಿ ಹಾಕಿ ನೋಡಿ, ಚುರ್ ಅನ್ನುವ ಸದ್ದು ಹತ್ತು ಸೆಕೆಂಡಿನಲ್ಲಿ ನಿಂತು ಗುಳುಗುಳು ಶುರುವಾಗುತ್ತೆ. ಗುಳುಗುಳು ಅಂದರೆ ನೀರು ಕುದಿಯುತ್ತಿದೆ ಅಂತ. ನೀರು ಇರುವಷ್ಟು ಹೊತ್ತು ತಳದ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಸಿಕ್ಕಿಕೊಂಡಿರುತ್ತೆ, ಕೆಂಪಾಗಲು ಸುಮಾರು 140 ಆದರೂ ಬೇಕು. ಹಾಗಾಗಿ ಅದು ಹುರಿಯುತ್ತಿಲ್ಲ, ಬೇಯುತ್ತಿದೆ. ಬೆಂದ ಪಿಷ್ಟ ಅಂಟಾಗುತ್ತೆ. ನಿಮ್ಮ ಮುದ್ದೆಯ ಕಥೆ ಇದೇ.

ಎರಕದ ಪ್ಯಾನ್ ಇದೆಯಲ್ಲ, ಅದನ್ನು ಹ್ಯಾಶ್‌ಬ್ರೌನ್‌ಗೇ ಮೀಸಲಿಡಿ. ನಾಲ್ಕು ಜನಕ್ಕೆ 600 ಗ್ರಾಂ ಆಲೂಗಡ್ಡೆ, ಎರಡು ಸರದಿಯಲ್ಲಿ. ಹಿಟ್ಟಿನಂಥ, ಪಿಷ್ಟ ಜಾಸ್ತಿ ಇರುವ ಜಾತಿ ಆರಿಸಿ. ಅಮೆರಿಕದಲ್ಲಿ ರಸೆಟ್ ಬಳಸುತ್ತಾರೆ. ಬೆಂದರೂ ಮೇಣದಂತೆ ಗಟ್ಟಿಯಾಗಿ ಉಳಿಯುವ ಎಳೆ ಆಲೂಗಡ್ಡೆ ಇದಕ್ಕೆ ಆಗದು.

ತುರಿಮಣೆಯ ದೊಡ್ಡ ಕಣ್ಣಿನಲ್ಲಿ ತುರಿದು ನೇರ ತಣ್ಣೀರಿಗೆ ಹಾಕಿ. ಗಾಳಿಗೆ ಬಿಟ್ಟರೆ ಐದು ಹತ್ತು ನಿಮಿಷದಲ್ಲಿ ತುರಿ ಕಂದು ತಿರುಗಿ ಆಮೇಲೆ ಬೂದಾಗುತ್ತೆ, ನೀವು ಹೇಳಿದ ಬೂದು ಬಣ್ಣ ಅಲ್ಲಿಂದ ಬಂದದ್ದು. ಕೈಯಾಡಿಸಿ, ಹಾಲಿನಂಥ ನೀರು ಚೆಲ್ಲಿ, ಇನ್ನೊಮ್ಮೆ ತೊಳೆಯಿರಿ. ಈಗ ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡಿ. ಸುಮ್ಮನೆ ಅದುಮಿದರೆ ಸಾಲದು, ಗಂಟಿನ ಕೆಳಗೆ ಸೌಟಿನ ಹಿಡಿ ಸಿಕ್ಕಿಸಿ ತಿರುಪಬೇಕು. ಇನ್ನು ಬರುವುದಿಲ್ಲ ಅನ್ನಿಸಿದ ಮೇಲೆ ತುರಿಯನ್ನು ಬಿಡಿಸಿ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಹಿಂಡಿ. ಎರಡನೇ ಸಲಕ್ಕೂ ನೀರು ಬರುತ್ತೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ತುರಿ ಉದುರಬೇಕು, ಉಂಡೆಯಾಗಿ ನಿಂತರೆ ಇನ್ನೂ ಹಸಿ ಇದೆ ಅಂತ ಲೆಕ್ಕ. ಮೈಕ್ರೋವೇವ್ ಇದ್ದರೆ ತಟ್ಟೆಯಲ್ಲಿ ಹರಡಿ ಮುಚ್ಚದೆ 2 ನಿಮಿಷ ಇಟ್ಟರೂ ಉಳಿದ ತೇವ ಹೋಗುತ್ತೆ.

ಉಪ್ಪು ಪ್ಯಾನಿಗೆ ಹಾಕುವ ಕ್ಷಣದಲ್ಲಿ ಮಾತ್ರ. ಮೊದಲೇ ಬೆರೆಸಿಟ್ಟರೆ ಹಿಂಡಿದ ಶ್ರಮವೆಲ್ಲ ದಂಡ, ಉಪ್ಪು ಮತ್ತೆ ನೀರು ಎಳೆದು ತರುತ್ತೆ.

ಪ್ಯಾನನ್ನು ಮಧ್ಯಮ ಉರಿಯಲ್ಲಿ 4ರಿಂದ 5 ನಿಮಿಷ ಬರಿದೇ ಕಾಯಿಸಿ. ಒಂದು ಸರದಿಗೆ 2 ಟೇಬಲ್ ಚಮಚ ಎಣ್ಣೆ. ಒಂದು ಎಳೆ ತುರಿ ಹಾಕಿದರೆ ತಕ್ಷಣ ಚುರುಗುಟ್ಟಬೇಕು. ಅರ್ಧ ತುರಿಯನ್ನು ಒಂದು ಸೆಂ.ಮೀ. ದಪ್ಪಕ್ಕೆ ಹರಡಿ, ಸಟ್ಟುಗದಿಂದ ಒಂದೇ ಸಲ ಹಗುರಾಗಿ ಒತ್ತಿ, ಆಮೇಲೆ ಕೈ ಕಟ್ಟಿ ನಿಲ್ಲಿ. 7ರಿಂದ 8 ನಿಮಿಷ ಮುಟ್ಟಬಾರದು, ಮುಚ್ಚಬಾರದು. ಮುಚ್ಚಿದರೆ ಆವಿ ಮೇಲೆ ಹೋಗಲು ದಾರಿಯಿಲ್ಲದೆ ಮತ್ತೆ ತುರಿಗೇ ಇಳಿಯುತ್ತೆ. ಅಂಚು ಕಂದಾಗಿ, ಪ್ಯಾನ್ ಅಲ್ಲಾಡಿಸಿದರೆ ಇಡೀ ಬಿಲ್ಲೆ ಜಾರುವಂತಾದಾಗ ಮಗುಚಿ. ಜಾರದಿದ್ದರೆ ತೊಗಟೆ ಇನ್ನೂ ಕಟ್ಟಿಲ್ಲ, ಎಬ್ಬಲು ಹೋಗಬೇಡಿ. ಅಂಟುವುದು ಮುಕ್ಕಾಲು ಪಾಲು ಅವಸರದ ಫಲ. ಇನ್ನೊಂದು ಬದಿಗೆ ಮತ್ತೊಂದು ಚಮಚ ಎಣ್ಣೆಯನ್ನು ಅಂಚಿನಿಂದ ಬಿಟ್ಟು 5 ನಿಮಿಷ.


ಸಟ್ಟುಗ
ಶನಿವಾರ, ಬೆಳಿಗ್ಗೆ 10:22

ಕಾವಲಿಯವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಬೆಳಿಗ್ಗೆ ಎದ್ದು ತುರಿದು ತೊಳೆದು ಎರಡು ಸಲ ಹಿಂಡುವವರು ಎಷ್ಟು ಜನ? ಹಸಿ ತುರಿಗಿಂತ ಹಿಂದಿನ ರಾತ್ರಿ ಬೇಯಿಸಿಟ್ಟದ್ದೇ ನನ್ನ ಮಟ್ಟಿಗೆ ಮೇಲು, ಕೆಲಸದಲ್ಲೂ ರುಚಿಯಲ್ಲೂ. ಎಷ್ಟೋ ಡೈನರ್‌ಗಳಲ್ಲಿ ನಡೆಯುವುದೂ ಇದೇ: ಒಂದೋ ಮೊದಲೇ ಬೇಯಿಸಿ ತಣಿಸಿದ ಆಲೂಗಡ್ಡೆ, ಇಲ್ಲವೇ ಒಣಗಿಸಿದ ತುರಿಯ ಡಬ್ಬ. ಡಬ್ಬಕ್ಕೆ ಬಿಸಿನೀರು ಸುರಿದು ನೆನೆಸಿಟ್ಟು, ನೆಂದ ಮೇಲೆ ನೇರ ಹಲಗೆಗೆ.

ಸಿಪ್ಪೆ ಸಮೇತ ಇಡೀ ಆಲೂಗಡ್ಡೆಯನ್ನು ತಣ್ಣೀರಿನಲ್ಲಿ ಹಾಕಿ, ಕುದಿ ಬಂದ ಮೇಲೆ ಉರಿ ಇಳಿಸಿ. ಸುಮಾರು 150 ಗ್ರಾಂ ತೂಗುವುದಾದರೆ 15ರಿಂದ 18 ನಿಮಿಷ. ಚಾಕು ಒಳಗೆ ಹೋಗಬೇಕು, ಆದರೆ ನಡುವಿನಲ್ಲಿ ಸ್ವಲ್ಪ ತಡೆಯಬೇಕು. ಇಲ್ಲಿ ಪ್ರೆಶರ್ ಕುಕ್ಕರ್ ಬೇಡ, ಹದ ಕಣ್ಣಿಗೆ ಕಾಣುವುದಿಲ್ಲ, ಸೀಟಿ ಎಣಿಸಿ ನಿಲ್ಲಿಸುವಷ್ಟರಲ್ಲಿ ಸಾರಿಗೆ ಹಾಕುವ ಹದಕ್ಕೆ ಬಂದಿರುತ್ತೆ. ನೀರು ಬಸಿದು, ಆವಿಯಾಡುವುದು ನಿಂತ ಮೇಲೆ ಮುಚ್ಚದೆ ಫ್ರಿಜ್ಜಿಗೆ. ಬೆಳಿಗ್ಗೆ ಸಿಪ್ಪೆ ಕಿತ್ತು ದೊಡ್ಡ ಕಣ್ಣಿನಲ್ಲಿ ತುರಿಯಿರಿ. ತೊಳೆಯುವುದಿಲ್ಲ, ಹಿಂಡುವುದಿಲ್ಲ.

ರಾತ್ರಿಯಿಡೀ ತಣ್ಣಗಿರಬೇಕು ಅನ್ನುವುದಕ್ಕೆ ಕಾರಣ ಇದೆ. ಬೆಂದಾಗ ನೀರು ಕುಡಿದು ಉಬ್ಬಿದ ಪಿಷ್ಟ ತಣಿದಾಗ ಮತ್ತೆ ಒತ್ತಾಗಿ ಕಟ್ಟಿಕೊಳ್ಳುತ್ತೆ. ಹಾಗಾಗಿ ತುರಿ ಎಳೆ ಎಳೆಯಾಗಿ ಬೀಳುತ್ತೆ, ನುಣ್ಣಗಾಗುವುದಿಲ್ಲ. ಬಿಸಿ ಇರುವಾಗಲೇ ತುರಿದರೆ ಸಿಗುವುದು ಪಲ್ಯ. ಒಳಭಾಗ ಮೊದಲೇ ಬೆಂದಿರುವುದರಿಂದ ಪ್ಯಾನಿನಲ್ಲಿ ಆಗಬೇಕಾದ್ದು ಹೊರಗಿನ ತೊಗಟೆ ಮಾತ್ರ: ಒಂದು ಬದಿ 5 ನಿಮಿಷ, ಇನ್ನೊಂದು ಬದಿ 4.

ಜಿಡ್ಡಿನ ಬಗ್ಗೆಯೂ ಒಂದು ಮಾತು. ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಕೊಬ್ಬು, ಉಳಿದದ್ದು ಹೆಚ್ಚುಪಾಲು ನೀರು, ಜೊತೆಗೆ ಒಂದಿಷ್ಟು ಹಾಲಿನ ಘನಾಂಶ. ಆ ಘನಾಂಶವೇ ಮೊದಲು ಕರಿಯಾಗುವುದು. 8 ನಿಮಿಷ ಬರಿ ಬೆಣ್ಣೆಯಲ್ಲಿ ಹುರಿದರೆ ಕಪ್ಪು ಚುಕ್ಕಿ, ಕಹಿ. ತುಪ್ಪದಲ್ಲಿ ನೀರೂ ಇಲ್ಲ, ಘನಾಂಶವೂ ಇಲ್ಲ. ಅರ್ಧ ಎಣ್ಣೆ ಅರ್ಧ ತುಪ್ಪ ಹಾಕಿ. ಬೆಣ್ಣೆಯ ಘಮ ಬೇಕಿದ್ದರೆ ಇಳಿಸುವ ಮುನ್ನ ಅಂಚಿನಲ್ಲಿ ಒಂದು ಸಣ್ಣ ತುಂಡು ಕರಗಿಸಿ.


ಮುಂಜಾವು
ಶನಿವಾರ, ಬೆಳಿಗ್ಗೆ 10:40

ಇಬ್ಬರಿಗೂ ಥ್ಯಾಂಕ್ಸ್. ಒಂದು ಅನುಮಾನ. ಫ್ರಿಜ್ಜಿನಲ್ಲಿ ಆಲೂಗಡ್ಡೆ ಇಡಬಾರದು ಅಂತಾರಲ್ಲ, ಬೇಗ ಕಪ್ಪಾಗುತ್ತೆ ಅಂತ? ಇಲ್ಲಿ ರಾತ್ರಿಯಿಡೀ ಇಡಿ ಅಂತಿದ್ದೀರಿ.


ಸಟ್ಟುಗ
ಶನಿವಾರ, ಬೆಳಿಗ್ಗೆ 10:51

ಇಡಬಾರದ್ದು ಹಸಿ ಆಲೂಗಡ್ಡೆ. ಜೀವಂತ ಗಡ್ಡೆ ದಿನಗಟ್ಟಲೆ ಚಳಿಯಲ್ಲಿದ್ದರೆ ತನ್ನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತೆ. ಆ ಸಕ್ಕರೆ ಹುರಿಯುವಾಗ ಬೇಗ ಕಂದಾಗಿ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪು, ರುಚಿಯೂ ಕಹಿ. ನಿಮ್ಮದು ಸೀಯುತ್ತಿರುವುದಕ್ಕೆ ಇದೂ ಕಾರಣ ಇರಬಹುದು, ಗಡ್ಡೆ ಎಲ್ಲಿ ಇಡುತ್ತೀರಿ ನೋಡಿಕೊಳ್ಳಿ. ಕತ್ತಲಲ್ಲಿ, ಗಾಳಿಯಾಡುವ ಬುಟ್ಟಿಯಲ್ಲಿ, ಹೊರಗೇ ಇರಲಿ. ಬೇಯಿಸಿದ ಮೇಲೆ ಸಕ್ಕರೆ ಮಾಡುವ ಕಿಣ್ವಗಳು ಸತ್ತಿರುತ್ತವೆ, ಆಮೇಲೆ ಫ್ರಿಜ್ಜಿಗೆ ಹೋದರೆ ಏನೂ ಆಗದು.


ಹಿಟ್ಟಿನ ಲೆಕ್ಕ
ಶನಿವಾರ, ಬೆಳಿಗ್ಗೆ 11:35

ಪ್ಯಾನ್‌ಕೇಕ್ ನನ್ನ ಪಾಲಿಗಿರಲಿ. ಸುಮಾರು 10 ಸೆಂ.ಮೀ. ಅಗಲದ ಎಂಟು ಒಂಬತ್ತಕ್ಕೆ ಅಳತೆ: ಮೈದಾ 190 ಗ್ರಾಂ, ಸಕ್ಕರೆ 2 ಟೇಬಲ್ ಚಮಚ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಇನ್ನೊಂದು ಪಾತ್ರೆಯಲ್ಲಿ ಮಜ್ಜಿಗೆ 360 ಮಿ.ಲೀ., ಮೊಟ್ಟೆ 1, ಕರಗಿಸಿ ಬೆಚ್ಚಗಾಗಿಸಿದ ಬೆಣ್ಣೆ 40 ಗ್ರಾಂ. ಟೀ ಚಮಚ ಎಲ್ಲವೂ ತಲೆ ಸವರಿದ ಅಳತೆ, ಗೋಪುರ ಕಟ್ಟಬೇಡಿ.

ಮಜ್ಜಿಗೆ ಅಂದಾಗಲೇ ಅರ್ಧ ಜನ ಎಡವುವುದು. ಅವರ ಪಾಕವಿಧಾನಗಳಲ್ಲಿ ಬರುವುದು ಹಾಲಿಗೆ ಹೆಪ್ಪು ಕೊಟ್ಟು ಮಾಡಿದ ದಪ್ಪನೆಯ ಹುಳಿ ಮಜ್ಜಿಗೆ. ನಾವು ಕುಡಿಯುವ ನೀರು ಮಜ್ಜಿಗೆಯನ್ನೇ ಅಷ್ಟು ಸುರಿದರೆ ಹಿಟ್ಟು ಹರಿದು ಕಾಗದದಂತಾಗುತ್ತೆ. 270 ಮಿ.ಲೀ. ಹುಳಿ ಮೊಸರು, 90 ಮಿ.ಲೀ. ಹಾಲು ಕಡೆದು ಬಳಸಿ. ಹುಳಿ ಮುಖ್ಯ, ಯಾಕೆಂದರೆ ಸೋಡಾ ಕೆಲಸ ಮಾಡಬೇಕಾದರೆ ಹುಳಿ ಇರಲೇಬೇಕು. ಸಿಹಿ ಮೊಸರು ಹಾಕಿದರೆ ಸೋಡಾ ಅರ್ಧ ಹಾಗೇ ಉಳಿದು ಸೋಪಿನ ರುಚಿ ಬರುತ್ತೆ, ಹಳದಿ ಚುಕ್ಕಿಯೂ ಕಾಣುತ್ತೆ.

ಈಗ ರಬ್ಬರಿನ ವಿಷಯ. ಹಸಿ ಪದಾರ್ಥಗಳನ್ನು ಒಣ ಹಿಟ್ಟಿನ ನಡುವೆ ಸುರಿದು, ಸೌಟಿನಿಂದ ತಳ ಎತ್ತಿ ಹತ್ತು ಹನ್ನೆರಡು ಸಲ ತಿರುವಿ. ಒಣ ಹಿಟ್ಟಿನ ಗೆರೆ ಮಾಯವಾದ ಕೂಡಲೇ ನಿಲ್ಲಿಸಿ. ಕಡಲೆಕಾಳಿನಷ್ಟು ಗಂಟುಗಳು ಉಳಿದಿರಬೇಕು. ಕೈ ತಡೆಯುವುದಿಲ್ಲ, ಗಂಟು ಕಂಡರೆ ಒಡೆಯಬೇಕು ಅನ್ನಿಸುತ್ತೆ, ಗೊತ್ತು. ಆದರೆ ಮೈದಾ ಕಲಸಿದಷ್ಟೂ ಗ್ಲುಟೆನ್ ಅನ್ನುವ ಪ್ರೋಟೀನಿನ ಎಳೆಗಳು ಬಲವಾಗುತ್ತವೆ, ಗುಳ್ಳೆ ಹಿಗ್ಗದಂತೆ ಎಳೆದು ಹಿಡಿಯುತ್ತವೆ. ವಿದ್ಯುತ್ ಬೀಟರ್ ಹಾಕಿದಿರೋ, ಕೆಟ್ಟಿತು. 10 ನಿಮಿಷ ಹಾಗೇ ಬಿಡಿ. ಗಂಟುಗಳು ತಾವೇ ನೀರು ಹೀರಿ ಸಡಿಲವಾಗುತ್ತವೆ, ಹಿಟ್ಟಿನ ಮೇಲೆ ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ಮತ್ತೆ ಕಲಕಬೇಡಿ. ಸೌಟು ಅಂಚಿನಿಂದ ಮೆಲ್ಲಗೆ ಇಳಿಸಿ ಎತ್ತಿಕೊಳ್ಳಿ.

ಉಬ್ಬದಿದ್ದರೆ ಮೊದಲು ಬೇಕಿಂಗ್ ಪೌಡರ್ ಮೇಲೆ ಸಂಶಯಪಡಿ. ಕಾಲು ಕಪ್ ಬಿಸಿನೀರಿಗೆ ಅರ್ಧ ಟೀ ಚಮಚ ಹಾಕಿ, ಭುಸ್ ಎಂದು ನೊರೆ ಎದ್ದರೆ ಸರಿ. ಸುಮ್ಮನೆ ನಾಲ್ಕು ಗುಳ್ಳೆ ಬಂದು ಅಡಗಿದರೆ ಡಬ್ಬಿ ಎಸೆಯಿರಿ. ತೆರೆದ ಡಬ್ಬಿ ಒಲೆಯ ಪಕ್ಕ ಆವಿಗೆ ಸಿಕ್ಕಿದರೆ ಅವಧಿಗೆ ಮುಂಚೆಯೇ ಸಾಯುತ್ತೆ.

ಕಾವು ಸುಮಾರು 190 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ನೀರಿನ ಹನಿ ಚಿಮುಕಿಸಿ: ನಿಂತಲ್ಲೇ ಕುದಿದರೆ ಸಾಲದು, ಚುರುಗುಟ್ಟಿ ಕುಣಿದು ಒಂದೆರಡು ಸೆಕೆಂಡಿಗೆ ಆರಿದರೆ ಸರಿ. ಮುತ್ತಿನಂತೆ ಉರುಳಾಡುತ್ತ ಆರದೇ ಇದ್ದರೆ ಕಾವು ಮಿತಿಮೀರಿದೆ. ನಾನ್‌ಸ್ಟಿಕ್ಕನ್ನು ಈ ಪರೀಕ್ಷೆಗಾಗಿ ಬರಿದೇ ಬಹಳ ಹೊತ್ತು ಕಾಯಿಸಬೇಡಿ, ಮಧ್ಯಮ ಉರಿಯಲ್ಲಿ ಒಂದೂವರೆ ಎರಡು ನಿಮಿಷ ಸಾಕು. ಒಂದು ಚೂರು ಬೆಣ್ಣೆ ಸವರಿ, ಬಟ್ಟೆಯಿಂದ ಒರೆಸಿಬಿಡಿ. ಜಿಡ್ಡು ಕೆರೆ ಕಟ್ಟಿದ ಕಡೆ ಬಿಳಿ, ಇಲ್ಲದ ಕಡೆ ಕಂದು, ಮೊದಲನೆಯ ಪ್ಯಾನ್‌ಕೇಕ್ ಯಾವಾಗಲೂ ಚಿರತೆಯ ಮೈಯಂತಾಗುವುದು ಇದಕ್ಕೇ. ಒರೆಸಿದ ಪ್ಯಾನಿನಲ್ಲಿ ಮೇಲ್ಮೈ ಒಂದೇ ಸಮ ಕಂದು.

60 ಮಿ.ಲೀ. ಹಿಟ್ಟನ್ನು ಒಂದೇ ಜಾಗಕ್ಕೆ ಸುರಿಯಿರಿ, ಸೌಟಿನಿಂದ ಸುತ್ತಿಸಿ ಹರಡಬೇಡಿ, ತಾನೇ ಹರಡಲಿ. ಎರಡು ಎರಡೂವರೆ ನಿಮಿಷದಲ್ಲಿ ಮೇಲೆ ಗುಳ್ಳೆ ಏಳುತ್ತವೆ. ಗುಳ್ಳೆ ಬಂತು ಅಂತ ಮಗುಚಬಾರದು. ಅಂಚಿನ ಹತ್ತಿರದ ಗುಳ್ಳೆ ಒಡೆದು, ಆ ತೂತು ಮತ್ತೆ ಮುಚ್ಚಿಕೊಳ್ಳದೆ ತೆರೆದೇ ಉಳಿದರೆ, ಅಂಚು ಮಂಕಾದರೆ, ಅದು ಸಮಯ. ಒಂದೇ ಸಲ ಮಗುಚಿ, ಒಂದು ನಿಮಿಷ. ಮಗುಚಿದ ಮೇಲೆ ಸಟ್ಟುಗದಿಂದ ಒತ್ತುವ ಚಟ ಕೆಲವರಿಗೆ. ಅಷ್ಟು ಕಷ್ಟಪಟ್ಟು ಹಿಡಿದ ಗಾಳಿಯನ್ನು ಹೊರಗೆ ಹಾಕಿದಂತೆ.


ಅರೆಬೆಂದ ಹಳದಿ
ಶನಿವಾರ, ಮಧ್ಯಾಹ್ನ 12:20

ಮೊಟ್ಟೆಗೂ ಹ್ಯಾಶ್‌ಬ್ರೌನ್‌ಗೂ ಒಂದೇ ಕಾವು ಕೊಟ್ಟರೆ ನೀವು ಹೇಳಿದ್ದೇ ಆಗುವುದು. ಮೊಟ್ಟೆಯ ಬಿಳಿ 60 ಡಿಗ್ರಿ ದಾಟುತ್ತಿದ್ದಂತೆ ಹೆಪ್ಪುಗಟ್ಟಲು ಶುರು, ಪೂರ್ತಿ ಗಟ್ಟಿಯಾಗಲು 80ರ ಹತ್ತಿರ. ಹಳದಿ 65ಕ್ಕೆ ದಪ್ಪವಾಗುತ್ತ 70ಕ್ಕೆ ಕಟ್ಟಿಕೊಳ್ಳುತ್ತೆ. ಅಂದರೆ ಬಿಳಿ ಬೇಯಬೇಕು, ಹಳದಿ ಬೇಯಬಾರದು, ಆದರೆ ಬಿಳಿಗೇ ಹೆಚ್ಚು ಶಾಖ ಬೇಕು. ದೊಡ್ಡ ಉರಿಯಲ್ಲಿ ತೆಳ್ಳಗೆ ಹರಡಿದ ಅಂಚು ಒಣಗಿ ಪ್ಲಾಸ್ಟಿಕ್ ಆಗುವ ಹೊತ್ತಿಗೂ ಹಳದಿಯ ಸುತ್ತಲಿನ ದಪ್ಪ ಬಿಳಿ ಹಸಿಯಾಗೇ ಇರುತ್ತೆ. ಅಲ್ಲಿ ಹಲಗೆಯ ಒಂದು ಭಾಗವನ್ನು ಮೊಟ್ಟೆಗೆಂದೇ ಕಡಿಮೆ ಕಾವಿನಲ್ಲಿ ಇಟ್ಟುಕೊಂಡಿರುತ್ತಾರೆ.

ನಾನ್‌ಸ್ಟಿಕ್, ಮಧ್ಯಮಕ್ಕಿಂತ ಸಣ್ಣ ಉರಿ, ಒಂದು ಟೀ ಚಮಚ ಬೆಣ್ಣೆ. ನೊರೆ ಎದ್ದು ಅಡಗಿದ ಕೂಡಲೇ, ಕಂದಾಗುವ ಮೊದಲು, ಬಟ್ಟಲಿನಲ್ಲಿ ಒಡೆದಿಟ್ಟ ಎರಡು ಮೊಟ್ಟೆಯನ್ನು ಪ್ಯಾನಿಗೆ ತಾಗಿಸಿ ಜಾರಿಸಿ. ತಾಜಾ ಮೊಟ್ಟೆ ಒತ್ತಾಗಿ ಕೂರುತ್ತೆ. ಹಳೆಯದಾದಷ್ಟೂ ಬಿಳಿ ನೀರಾಗಿ ಹರಡುತ್ತೆ. ಹಳೆಯ ಮೊಟ್ಟೆಯೇ ಇದ್ದರೆ ಒಡೆದು ಸಣ್ಣ ಜರಡಿಯಲ್ಲಿ ಅರ್ಧ ನಿಮಿಷ ಇಡಿ, ನೀರು ನೀರಾದ ಬಿಳಿ ಕೆಳಗಿಳಿದು ಒಳ್ಳೆಯದು ಉಳಿಯುತ್ತೆ. ಒಂದೂವರೆ ನಿಮಿಷದ ಹೊತ್ತಿಗೆ ಹಳದಿಯ ಸುತ್ತ ಒಂದು ಬೆರಳಗಲ ಬಿಟ್ಟು ಉಳಿದೆಲ್ಲ ಬಿಳಿಯಾಗಿರುತ್ತೆ. ಇಲ್ಲಿಂದ ದಾರಿ ಬೇರೆ ಬೇರೆ, ಡೈನರ್‌ನಲ್ಲಿ ಕೇಳುವ ಪ್ರಶ್ನೆಗೆ ಉತ್ತರವೂ ಇದೇ.

ಮಗುಚದೆ ಕೊಟ್ಟರೆ ಸನ್ನಿ ಸೈಡ್ ಅಪ್. ಹಸಿ ಲೋಳೆ ಇಷ್ಟವಿಲ್ಲ, ಮಗುಚುವ ಧೈರ್ಯವೂ ಇಲ್ಲ ಅಂದರೆ ಅಂಚಿಗೆ ಒಂದು ಟೀ ಚಮಚ ನೀರು ಬಿಟ್ಟು 40 ಸೆಕೆಂಡು ಮುಚ್ಚಿ, ಆವಿಯೇ ಮೇಲಿನ ಬಿಳಿಯನ್ನು ಬೇಯಿಸುತ್ತೆ. ಅಲ್ಲಿ ಇದಕ್ಕೆ ಬೇಸ್ಟೆಡ್ ಅನ್ನುತ್ತಾರೆ. ಮಗುಚಿ 15ರಿಂದ 20 ಸೆಕೆಂಡು ಆದರೆ ಓವರ್ ಈಸಿ, ಬಿಳಿ ಬೆಂದು ಹಳದಿ ಪೂರ್ತಿ ಹರಿಯುತ್ತೆ. ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಓವರ್ ಮೀಡಿಯಂ, ಹಳದಿ ಜೇನಿನ ಹಾಗೆ. ಎರಡು ನಿಮಿಷ ಓವರ್ ಹಾರ್ಡ್, ಹರಿಯುವುದೇನೂ ಇಲ್ಲ. ಕಲಕಿದ್ದು ಸ್ಕ್ರಾಂಬಲ್ಡ್. ಹಸಿ ಹಳದಿಯ ಬಗ್ಗೆ ಮೆನುವಿನ ಕೆಳಗೆ ಸಣ್ಣಕ್ಷರದಲ್ಲಿ ಎಚ್ಚರಿಕೆ ಇರುತ್ತೆ, ಅದು ಸುಮ್ಮನೆ ಹಾಕಿದ್ದಲ್ಲ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಭಯ ಇರುವುದರಿಂದ ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರಿಗೆ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದ್ದೇ ಕೊಡಿ. ಮೊಟ್ಟೆ ಬೆರೆಸಿದ ಖಾದ್ಯಗಳಿಗೆ ಅಲ್ಲಿನ ಕೃಷಿ ಇಲಾಖೆ ಹೇಳುವ ಅಂಕಿ 71 ಡಿಗ್ರಿ ಸೆಲ್ಸಿಯಸ್.

ಹ್ಯಾಶ್‌ಬ್ರೌನ್‌ಗೂ ಮಾತು ಇದೆ. ಬಿಳಿಚಿಕೊಂಡು ಬರುವುದು ಬೇಡವಾದರೆ ವೆಲ್ ಡನ್ ಅಥವಾ ಕ್ರಿಸ್ಪಿ ಅಂತ ಸೇರಿಸಿ. ವಾಫಲ್ ಹೌಸ್ ಅನ್ನುವ ಹೋಟೆಲ್ ಸರಣಿಯಲ್ಲಿ (1955ರಲ್ಲಿ ಜಾರ್ಜಿಯಾದಲ್ಲಿ ಶುರುವಾದದ್ದು) ಇದಕ್ಕೆ ಒಂದು ಪರಿಭಾಷೆಯೇ ಇದೆ. ಸ್ಕ್ಯಾಟರ್ಡ್ ಅಂದರೆ ಹಲಗೆಯ ಮೇಲೆ ಚದುರಿಸಿ ಹುರಿದದ್ದು, ಗರಿ ಹೆಚ್ಚು. ಸ್ಮದರ್ಡ್ ಅಂದರೆ ಈರುಳ್ಳಿ, ಕವರ್ಡ್ ಅಂದರೆ ಚೀಸ್, ಡೈಸ್ಡ್ ಅಂದರೆ ಟೊಮೆಟೊ, ಕ್ಯಾಪ್ಡ್ ಅಂದರೆ ಅಣಬೆ, ಪೆಪರ್ಡ್ ಅಂದರೆ ಹಲಪೆನ್ಯೊ ಮೆಣಸಿನಕಾಯಿ. ಚಂಕ್ಡ್ ಅಂದರೆ ಹಂದಿಮಾಂಸದ ತುಂಡು, ಅದು ನಿಮಗೆ ಬೇಡ. ಊರಿಂದೂರಿಗೆ ಆಲೂಗಡ್ಡೆಯ ರೂಪವೂ ಬೇರೆ: ಈಶಾನ್ಯದ ಡೈನರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಹೋಮ್ ಫ್ರೈಸ್, ಅಂದರೆ ತುಂಡು ಮಾಡಿ ಈರುಳ್ಳಿ ಜೊತೆ ಹುರಿದದ್ದು. ದಕ್ಷಿಣದಲ್ಲಿ ಆಲೂಗಡ್ಡೆಯ ಬದಲು ಗ್ರಿಟ್ಸ್ ಕೇಳಬಹುದು, ಮೆಕ್ಕೆಜೋಳದ ನುಚ್ಚಿನ ಗಂಜಿ.

ಅಲ್ಲಿ ತಿನ್ನುವಾಗ ಗಮನಿಸಬೇಕಾದ್ದು ಎರಡು. ಮೊದಲನೆಯದು ಮಾಂಸ ತಿನ್ನದವರಿಗೆ: ಬೇಕನ್ (ಹಂದಿಮಾಂಸದ ಪಟ್ಟಿ) ಹುರಿದ ಹಲಗೆಯಲ್ಲೇ ಆಲೂಗಡ್ಡೆಯನ್ನೂ ಹುರಿಯುವುದು ಸಾಮಾನ್ಯ, ಜಿಡ್ಡು ಬೆರೆಯುತ್ತೆ. ಬೇರೆ ಪ್ಯಾನಿನಲ್ಲಿ ಮಾಡಿಕೊಡುತ್ತೀರಾ ಅಂತ ಮೊದಲೇ ಕೇಳಿ, ಬಿಡುವಿದ್ದಾಗ ಒಪ್ಪುತ್ತಾರೆ. ಎರಡನೆಯದು ಗೋಧಿ ಆಗದವರಿಗೆ: ಕೆಲವು ಕಡೆ ಆಮ್ಲೆಟ್ ಉಬ್ಬಲೆಂದು ಮೊಟ್ಟೆಗೆ ಸ್ವಲ್ಪ ಪ್ಯಾನ್‌ಕೇಕ್ ಹಿಟ್ಟು ಬೆರೆಸುತ್ತಾರೆ. ಐಹಾಪ್ ಅನ್ನುವ ಹೋಟೆಲ್ ಸರಣಿಯವರು ಅದನ್ನು ಮುಚ್ಚಿಡದೆ ಮೆನುವಿನಲ್ಲೇ ಹಾಕಿಕೊಂಡಿದ್ದಾರೆ. ಬೇಡ ಅಂದರೆ ಚಿಪ್ಪೊಡೆದ ಮೊಟ್ಟೆಯಲ್ಲಿ ಮಾಡಿ ಅಂತ ಹೇಳಬೇಕು.


ಕಬ್ಬಿಣದ ಕಾವಲಿ
ಶನಿವಾರ, ಮಧ್ಯಾಹ್ನ 1:05

ತಣ್ಣಗಾಗುವ ವಿಷಯ ಯಾರೂ ಮುಟ್ಟಲಿಲ್ಲ. ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಅನ್ನುವುದರ ಮೇಲೆ ಸರದಿ ಹಾಕಿ. ಪ್ಯಾನ್‌ಕೇಕ್ 20 ನಿಮಿಷ ಕಾಯುತ್ತೆ. ಹ್ಯಾಶ್‌ಬ್ರೌನ್ 10 ನಿಮಿಷ. ಟೋಸ್ಟ್ 2 ನಿಮಿಷ. ಮೊಟ್ಟೆ ಒಂದು ನಿಮಿಷವೂ ಕಾಯುವುದಿಲ್ಲ.

9 ಗಂಟೆಗೆ ತಟ್ಟೆ ಇಡಬೇಕು ಅಂದುಕೊಳ್ಳಿ, ಆಲೂಗಡ್ಡೆ ಸಟ್ಟುಗರ ಕ್ರಮದಲ್ಲಿ ರಾತ್ರಿಯೇ ಬೆಂದಿದೆ. 8:20ಕ್ಕೆ ಅವನ್ 90 ಡಿಗ್ರಿಗೆ ಹಾಕಿ, ಒಳಗೆ ತಂತಿ ಜಾಲರಿ, ಕೆಳಗಿನ ಅಂತಸ್ತಿನಲ್ಲಿ ಊಟದ ತಟ್ಟೆಗಳು. ತಟ್ಟೆ ಬಿಸಿಯಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು, ತಣ್ಣನೆಯ ಪಿಂಗಾಣಿ ಮೊಟ್ಟೆಯ ಬಿಸಿಯನ್ನೆಲ್ಲ ಹೀರುತ್ತೆ. 8:22ಕ್ಕೆ ಪ್ಯಾನ್‌ಕೇಕ್ ಹಿಟ್ಟು ಕಲಸಿ ಬಿಡಿ, ಆ ಬಿಡುವಿನಲ್ಲಿ ಆಲೂಗಡ್ಡೆ ತುರಿ. 8:33ರಿಂದ ನಾನ್‌ಸ್ಟಿಕ್‌ನಲ್ಲಿ ಪ್ಯಾನ್‌ಕೇಕ್, ಒಂದು ಸಲಕ್ಕೆ ಎರಡೋ ಮೂರೋ. ಆದದ್ದನ್ನು ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಬೆವರಿ ಒದ್ದೆಯಾಗುತ್ತವೆ. 8:37ಕ್ಕೆ ಎರಕದ ಪ್ಯಾನ್ ಇನ್ನೊಂದು ಬರ್ನರ್ ಮೇಲೆ, 8:41ಕ್ಕೆ ಮೊದಲ ಸರದಿ ಹ್ಯಾಶ್‌ಬ್ರೌನ್, 8:50ಕ್ಕೆ ಎರಡನೆಯದು. ಮೊದಲಿನದು ಜಾಲರಿಗೆ, ಮುಚ್ಚದೆ. 8:51ರ ಹೊತ್ತಿಗೆ ಪ್ಯಾನ್‌ಕೇಕ್ ಮುಗಿದಿರುತ್ತೆ, ನಾನ್‌ಸ್ಟಿಕ್ ಒರೆಸಿ ಉರಿ ಇಳಿಸಿ ಮೂರು ನಿಮಿಷ ತಣಿಯಲು ಬಿಡಿ. ಇದನ್ನು ಹಾರಿಸಿದರೆ ಮೊಟ್ಟೆಯ ಅಂಚು ಮತ್ತೆ ಪ್ಲಾಸ್ಟಿಕ್ಕೇ. 8:54ರಿಂದ ಮೊಟ್ಟೆ, ನಾಲ್ಕು ನಾಲ್ಕಾಗಿ ಎರಡು ಸರದಿ. ಟೋಸ್ಟ್ ಇದರ ಜೊತೆಗೇ.

ಎಂಟೂ ಮೊಟ್ಟೆಯನ್ನು ಮಗುಚುವ ಸರ್ಕಸ್ ಬೇಡ ಅಂದರೆ ಎಲ್ಲರಿಗೂ ಸ್ಕ್ರಾಂಬಲ್ಡ್ ಮಾಡಿ. 8 ಮೊಟ್ಟೆಗೆ ಮುಕ್ಕಾಲು ಟೀ ಚಮಚ ಉಪ್ಪು, 15 ನಿಮಿಷ ಮೊದಲೇ ಬೆರೆಸಿಟ್ಟರೆ ನೀರು ಬಿಡುವುದು ಕಡಿಮೆ. (ಆಲೂಗಡ್ಡೆಗೆ ಉಲ್ಟಾ, ನೆನಪಿರಲಿ.) ಸಣ್ಣ ಉರಿಯಲ್ಲಿ ಅಂಚಿನಿಂದ ನಡುವಿಗೆ ತಳ್ಳುತ್ತ, ಇನ್ನೂ ಸ್ವಲ್ಪ ಒದ್ದೆ ಇದೆ ಅನ್ನುವಾಗಲೇ ಇಳಿಸಿ. ಉಳಿದದ್ದು ತಟ್ಟೆಯ ಬಿಸಿಗೇ ಬೇಯುತ್ತೆ.


ಅರೆಬೆಂದ ಹಳದಿ
ಶನಿವಾರ, ಮಧ್ಯಾಹ್ನ 1:18

ಕಾಫಿ ಬಿಟ್ಟಿರಲ್ಲ ಕಾವಲಿಯವರೇ. ಅಲ್ಲಿಯದು ತೆಳು, ಫಿಲ್ಟರ್ ಕಾಗದದಲ್ಲಿ ಇಳಿಸಿದ್ದು. ಒಂದು ಲೀಟರಿಗೆ 55 ಗ್ರಾಂ ಪುಡಿ, ಚಿಕೋರಿ ಇಲ್ಲದ್ದು, ನೀರು 92ರಿಂದ 96 ಡಿಗ್ರಿ. ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿಯಿರಿ. ಇಳಿಸಿದ್ದನ್ನು ಒಲೆಯ ಮೇಲೆ ಬೆಚ್ಚಗಿಡಬೇಡಿ, ಅರ್ಧ ಗಂಟೆಗೆ ಕಹಿ ಹತ್ತುತ್ತೆ, ನೇರ ಫ್ಲಾಸ್ಕಿಗೆ. 8:30ಕ್ಕೇ ಇಳಿಸಿಟ್ಟರೆ ಕೊನೆಯಲ್ಲಿ ಕೈ ಖಾಲಿ ಇರುತ್ತೆ.


ಮುಂಜಾವು
ಭಾನುವಾರ, ಬೆಳಿಗ್ಗೆ 10:02

ಸರದಿ ಸರಿಹೋಯಿತು, ಹ್ಯಾಶ್‌ಬ್ರೌನ್ ಇಡಿಯಾಗಿ ಜಾರಿತು. ಪ್ಯಾನ್‌ಕೇಕ್ ಮೆತ್ತಗೆ, ಆದರೆ ಹೊರಗೆ ಕಡುಕಂದು, ನಡುವೆ ಒಂದು ಗೆರೆಯಷ್ಟು ಹಸಿ. ಹಿಟ್ಟು ಸುಮಾರು ಒಂದು ಕಪ್ ಉಳಿದಿದೆ, ನಾಳೆಗೆ ಆಗುತ್ತಾ?


ಹಿಟ್ಟಿನ ಲೆಕ್ಕ
ಭಾನುವಾರ, ಬೆಳಿಗ್ಗೆ 10:30

ಹಸಿ ಗೆರೆ ಬಂದಿದ್ದು ಎಲ್ಲದರಲ್ಲೂ ಇರಲಿಕ್ಕಿಲ್ಲ, ಮೂರನೇ ನಾಲ್ಕನೇ ಸರದಿಯಲ್ಲಿ ನೋಡಿ. ಹೊತ್ತು ಹೋದಂತೆ ಪ್ಯಾನ್ ಕಾವು ಏರುತ್ತಲೇ ಇರುತ್ತೆ, ಉರಿ ಮಾತ್ರ ಮೊದಲಿನಷ್ಟೇ ಬಿಟ್ಟಿರುತ್ತೇವೆ. ಎರಡನೇ ಸರದಿಯಾದ ಮೇಲೆ ಉರಿಯನ್ನು ಒಂದು ಹಂತ ಇಳಿಸಿ. ಎಲ್ಲದರಲ್ಲೂ ಹಾಗೇ ಆಗಿದ್ದರೆ ಹಿಟ್ಟು ಗಟ್ಟಿಯಾಗಿದೆ, ಒಂದೆರಡು ಟೇಬಲ್ ಚಮಚ ಹಾಲು ಸೇರಿಸಿ. ಸೌಟಿನಿಂದ ಪಟ್ಟಿಯಂತೆ ಇಳಿದು, ಬಿದ್ದ ಕಡೆ ಎರಡು ಸೆಕೆಂಡು ಗುರುತು ಉಳಿದು ಮಾಯವಾಗಬೇಕು.

ಉಳಿದ ಹಿಟ್ಟು ನಾಳೆಗೆ ಚಪ್ಪಟೆ. ಸೋಡಾ ಮೊಸರಿನ ಹುಳಿ ತಾಗಿದ ಕ್ಷಣದಿಂದಲೇ ಗಾಳಿ ಬಿಡುತ್ತಿದೆ, ರಾತ್ರಿಯೊಳಗೆ ಅದು ಖಾಲಿ. ಬೇಕಿಂಗ್ ಪೌಡರ್ ಬಿಸಿ ತಾಗಿದಾಗ ಇನ್ನೊಮ್ಮೆ ಸ್ವಲ್ಪ ಎಬ್ಬಿಸಬಹುದು, ಅಷ್ಟರಿಂದ ದಪ್ಪ ಬರುವುದಿಲ್ಲ. ಇವತ್ತೇ ಎಲ್ಲ ಸುಟ್ಟು, ಆರಿದ ಮೇಲೆ ಮಧ್ಯೆ ಕಾಗದ ಇಟ್ಟು ಫ್ರೀಜರಿಗೆ ಹಾಕಿ. ಬೇಕಾದಾಗ ಕರಗಿಸದೆ ನೇರ ಟೋಸ್ಟರಿಗೆ. ಮುಂದಿನ ಸಲ ಬೆಳಗಿನ ಕೆಲಸ ಇಳಿಸಬೇಕಿದ್ದರೆ ಒಣ ಹಿಟ್ಟನ್ನು ಡಬ್ಬಿಯಲ್ಲಿ, ಮೊಸರು, ಹಾಲು, ಮೊಟ್ಟೆಯನ್ನು ಫ್ರಿಜ್ಜಿನಲ್ಲಿ ಬೇರೆಯಾಗಿ ರಾತ್ರಿಯೇ ಇಟ್ಟು, ಬೆಳಿಗ್ಗೆ ಕೂಡಿಸಿ. ಬೆಣ್ಣೆ ಮಾತ್ರ ಬೆಳಿಗ್ಗೆ ಕರಗಿಸಿ. ರಾತ್ರಿಯೇ ಬೆರೆಸಿದರೆ ತಣ್ಣನೆಯ ಮೊಸರಿನಲ್ಲಿ ಗಟ್ಟಿ ಕಾಳಾಗಿ ಕೂರುತ್ತೆ. ಫ್ರಿಜ್ಜಿನಿಂದ ತೆಗೆದ ಮೊಸರನ್ನೂ ಅರ್ಧ ಗಂಟೆ ಹೊರಗಿಡಿ, ಇಲ್ಲದಿದ್ದರೆ ಬೆಳಿಗ್ಗೆ ಹಾಕಿದ ಬೆಣ್ಣೆಗೂ ಅದೇ ಗತಿ.